ಹದಿನಾರು ಪೆಟ್ಟಿಗೆಗಳ ಹಾಜರಿ

ಚೇಳೂರಿನಲ್ಲಿ ಚನ್ನವೀರಯ್ಯನವರ ತೋಟ ಎಲ್ಲಿ ಅಂತ ಕೇಳಿ ನೋಡಿ, ಯಾವ ಚನ್ನವೀರಯ್ಯ ಅನ್ನುತ್ತಾರೆ. ಕಂಡಕ್ಟರ್ ಚನ್ನವೀರಯ್ಯ ಅನ್ನಿ, ಯಾರಾದರೂ ದಾರಿ ತೋರಿಸುತ್ತಾರೆ. ಗುಬ್ಬಿ–ಚೇಳೂರು ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಸೀಟಿ ಊದಿದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ, ನೀರು ಕುಡಿಯಲು ಇಳಿದಿದ್ದ ಬಸುರಿಯೊಬ್ಬಳನ್ನು ಗುಬ್ಬಿ ಸ್ಟ್ಯಾಂಡಿನಲ್ಲೇ ಬಿಟ್ಟು ಬಂದಿದ್ದರು. ಅವಳ ಗಂಟು ಮಾತ್ರ ಚೇಳೂರು ತಲುಪಿತ್ತು. ಆಮೇಲೆ ತಲೆ ಎಣಿಸದೆ ಅವರು ಸೀಟಿ ಊದಿದ್ದೇ ಇಲ್ಲ.

ಮಂಡಿನೋವು ಬಂದು ಬಸ್ಸು ಬಿಟ್ಟ ಮೇಲೆ ಉಳಿದದ್ದು ಎರಡು ಎಕರೆ ತೆಂಗಿನ ತೋಟ, ಹೆಂಡತಿ ಗಂಗಾಂಬಿಕೆ, ಎಣಿಸಲು ಏನೂ ಇಲ್ಲದ ದಿನಗಳು. ಅಂಥದ್ದೊಂದು ದಿನ ಕ್ಯಾತ್ಸಂದ್ರದ ನಂದಿತಾ ಬಂದಳು. ತುಮಕೂರಿನ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಜೊತೆಗೆ ಊಟದ ಡಬ್ಬಿಯಂಥ ಹದಿನಾರು ಪೆಟ್ಟಿಗೆ ತಂದಿದ್ದಳು.

"ಇವು ಮರದ ಬುಡದ ತೇವ ಅಳೀತಾವೆ ತಾತ. ವೈರ್ ಇಲ್ಲ. ಒಂದು ಇನ್ನೊಂದಕ್ಕೆ ಹೇಳುತ್ತೆ, ಅದು ಮುಂದಿನದಕ್ಕೆ. ಕೊನೆಗೆ ಪಂಪ್‌ಹೌಸ್ ಹತ್ರ ಇರೋದು ಎಲ್ಲಾನೂ ನನಗೆ ಕಳಿಸುತ್ತೆ."

"ಹಂಗಾದ್ರೆ ಪಂಪ್‌ಹೌಸ್ ಹತ್ರದ್ದು ಮೊದ್ಲು ಸಾಯುತ್ತಲ್ಲಮ್ಮ, ಎಲ್ರ ಭಾರ ಹೊತ್ಕೊಂಡು."

ನಂದಿತಾ ಅವರನ್ನೇ ನೋಡಿದಳು. ಇದನ್ನು ಅರ್ಥ ಮಾಡಿಸಲು ಅವಳು ಕಾಲೇಜಿನಲ್ಲಿ ಒಂದು ಗಂಟೆ ಮಾತಾಡಿದ್ದಳು. "ಅದೇ ನನ್ನ ಕೆಲಸ ತಾತ. ಪಂಪ್‌ಹೌಸ್ ಸುತ್ತ ನಾಲ್ಕು ಇಟ್ಟಿದೀನಿ. ದಿನಕ್ಕೊಂದು ಭಾರ ಹೊರಬೇಕು, ಉಳಿದವು ಮಲಗಿರಬೇಕು. ಹಂಗೆ ಸರದಿ ಹಾಕಿದ್ರೆ ಒಳಗಿನ ಬ್ಯಾಟರಿ ಶೆಲ್ಲು ಎರಡು ವರ್ಷ ಬರುತ್ತೆ, ಲೆಕ್ಕದಲ್ಲಿ ಬಂದಿದೆ. ನಿಮ್ಮ ತೋಟದಲ್ಲೂ ಬಂದ್ರೆ ನನ್ನ ಪಿಎಚ್‌ಡಿ ಆದಂಗೆ."

ಹೊರಡುವಾಗ ಪೆಟ್ಟಿಗೆಯ ಪಕ್ಕದ ಬಟನ್ ತೋರಿಸಿದಳು. "ಏನಾದ್ರೂ ಡೌಟ್ ಬಂದ್ರೆ ಒತ್ತಿ ನೋಡಿ. ಹಸಿರು ಲೈಟ್ ಬಂದ್ರೆ ಬದುಕಿದೆ ಅಂತ."

ಡೌಟು ಚನ್ನವೀರಯ್ಯನವರಿಗೆ ದಿನಾ ಬರುತ್ತಿತ್ತು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ತಿಂಡಿಗೆ ಕೂರುವ ಮುಂಚೆ, ಹದಿನಾರು ಮರಗಳ ಬುಡಕ್ಕೂ ಮಂಡಿ ಹಿಡಿದುಕೊಂಡು ಬಗ್ಗುತ್ತಿದ್ದರು. ಒತ್ತುವುದು, ಹಸಿರು ಕಾಣುವುದು, ಮುಂದಿನ ಮರ.

ಪಕ್ಕದ ತೋಟದ ಬೆಟ್ಟಯ್ಯ ಬೇಲಿಯಾಚೆಯಿಂದ ಕೇಳುವನು, "ಏನ್ ಕಂಡಕ್ಟ್ರೇ, ಎಲ್ರೂ ಟಿಕೆಟ್ ತಗಂಡ್ರಾ?"

"ಹನ್ನೊಂದನೇದು ತೂಕಡಿಸ್ತಿತ್ತು ಕಣೋ. ಎರಡು ಸಲ ಒತ್ತಿದೆ."

"ಮಲಗ್ಲಿ ಬುಡು. ಅದೇನು ಮುಂದಿನ ಸ್ಟಾಪಲ್ಲಿ ಇಳೀಬೇಕಾ?"

ಏಳನೇ ತಿಂಗಳಲ್ಲಿ ಹಸಿರು ಬೆಳಕು ಒಂದೊಂದಾಗಿ ನಿಂತಿತು. ನಂದಿತಾ ತನ್ನ ಸಂಶೋಧನೆಯ ಗೈಡ್ ಆಗಿದ್ದ ಪ್ರೊಫೆಸರನ್ನು ಕರೆದುಕೊಂಡು ಬಂದಳು. ಅವರು ಪೆಟ್ಟಿಗೆ ಬಿಚ್ಚಿ ನೋಡಿ ಎದ್ದು ನಿಂತರು. "ಕಾಗದದ ಮೇಲೆ ಚೆನ್ನಾಗಿತ್ತಮ್ಮ. ನೆಲಕ್ಕೆ ಬರಲಿಲ್ಲ. ಬೇರೆ ವಿಷಯ ನೋಡು."

"ಒಂದರ ಬಟನ್ ಒತ್ತಿದ್ರೆ ಹದಿನಾರೂ ಎರಡು ನಿಮಿಷ ಎದ್ದು ಕೂರ್ತಾವೆ ಸಾರ್. ಹಂಗೆ ಯಾರಾದ್ರೂ ಎಬ್ಬಿಸ್ತಾ ಇದ್ರೆ ಮಾತ್ರ ಇಷ್ಟು ಬೇಗ ಮುಗಿಯೋದು." ಅವಳು ತಿರುಗಿದಳು. "ತಾತ, ನೀವು ಬಟನ್ ಒತ್ತಿದ್ರಾ?"

ಟೀ ಲೋಟಗಳನ್ನು ಹಿಡಿದು ಬಂದ ಗಂಗಾಂಬಿಕೆ ಹಾಗೇ ನಿಂತರು.

"ಒಂದೆರಡು ಸಲ ಇರಬೇಕು ತಾಯಿ," ಅಂದರು ಚನ್ನವೀರಯ್ಯ.

ಪೆಟ್ಟಿಗೆಗಳು ಕಾರಿನಲ್ಲಿ ಹೋದವು. ಧೂಳು ಇಳಿದ ಮೇಲೆ ಗಂಗಾಂಬಿಕೆ ಕೇಳಿದ್ದು ಒಂದೇ ಮಾತು: "ಒಂದೆರಡು ಸಲಾನಾ?"

ನಂದಿತಾ ಸಂಶೋಧನೆ ಬಿಟ್ಟು ಕುಣಿಗಲ್‌ನ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದಳು. ಪ್ರತಿ ಯುಗಾದಿಗೂ ತಪ್ಪದೆ ಫೋನ್ ಮಾಡುತ್ತಿದ್ದಳು. ಮೂರನೇ ವರ್ಷ ನಗುತ್ತಾ ಅಂದಳು, "ನಿಮ್ಮ ತೋಟದ ಕಥೆ ನನ್ನ ಕ್ಲಾಸಲ್ಲಿ ಹೇಳ್ತೀನಿ ತಾತ. ಲೆಕ್ಕಾನ ಜಾಸ್ತಿ ನಂಬಬೇಡಿ, ನಾನು ನಂಬಿ ಕೆಟ್ಟೆ ಅಂತ."

ಆ ದಿನ ಚನ್ನವೀರಯ್ಯ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು. ಹಬ್ಬ ಕಳೆದು ಕಾಲೇಜು ತೆರೆದ ದಿನವೇ ಗುಬ್ಬಿಯಲ್ಲಿ ಒಂದು ಬಸ್ಸು, ತುಮಕೂರಿನಲ್ಲಿ ಇನ್ನೊಂದು ಬದಲಾಯಿಸಿ ಕುಣಿಗಲ್‌ಗೆ ಹೋದರು. ಸ್ಟಾಫ್ ರೂಮಿನಲ್ಲಿ ಅವಳು ಕುರ್ಚಿ ಎಳೆದು ಕೂರಿಸಿದಳು. ಅವರು ಕೂರಲಿಲ್ಲ.

"ದಿನಾ ಒತ್ತಿದೀನಿ ತಾಯಿ. ಹದಿನಾರೂನೂ."

ಅವಳು ಪೆನ್ನು ತೆಗೆದಳು. ಯಾವುದೋ ಉತ್ತರಪತ್ರಿಕೆಯ ಹಿಂದೆ ಅಂಕಿಗಳನ್ನು ಬರೆದಳು, ಗೀಟು ಹಾಕಿದಳು, ಮತ್ತೆ ಬರೆದಳು. ಪೆನ್ನು ಕೆಳಗಿಡಲು ಬಹಳ ಹೊತ್ತು ಹಿಡಿಯಿತು.

"ನೀವು ಒತ್ತದೇ ಇದ್ದಿದ್ರೆ ಎರಡು ವರ್ಷ ಒಂದು ತಿಂಗಳು ಬರ್ತಿತ್ತು," ಅಂದಳು. "ಆವತ್ತೇ ಹೇಳಿದ್ರೆ ಬೇರೆ ಶೆಲ್ಲು ಹಾಕ್ತಿದ್ದೆ ತಾತ. ಅಷ್ಟೇ ಮಾಡಬೇಕಿದ್ದದ್ದು."

"ಈಗ ಹಾಕೋಕಾಗಲ್ವಾ?"

"ಪೆಟ್ಟಿಗೆ ಎಲ್ಲಾ ಕಾಲೇಜಿನವರು ಬಿಚ್ಚಿಬಿಟ್ರು. ಆ ಕೆಲಸ ಈಗ ಬೇರೆ ಯಾರೋ ಮಾಡಿ ಮುಗಿಸಿದಾರೆ."

ಗಂಟೆ ಹೊಡೆಯಿತು. ಅವಳು ಹಾಜರಿ ಪುಸ್ತಕ ತೆಗೆದುಕೊಂಡು ಬಾಗಿಲ ತನಕ ಹೋಗಿ ನಿಂತಳು. "ಬನ್ನಿ. ನಾನು ತಪ್ಪು ಕಥೆ ಹೇಳಿದೀನಿ ಇವರಿಗೆ. ನೀವೇ ಹೇಳಿ."

ಚನ್ನವೀರಯ್ಯ ಕರಿಹಲಗೆಯ ಮುಂದೆ ನಿಂತರು. ಬಾಯಿ ತೆರೆಯುವ ಮುಂಚೆ, ತಮಗೇ ಗೊತ್ತಿಲ್ಲದೆ, ತಲೆ ಎಣಿಸಿದರು. ನಲವತ್ತೊಂದು ಹುಡುಗರು. ಕೊನೆಯ ಬೆಂಚಿನಲ್ಲಿ ನಂದಿತಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಅವಳನ್ನೂ ಸೇರಿಸಿ ನಲವತ್ತೆರಡು ಮಾಡಿಕೊಂಡು, ಅವರು ಶುರು ಮಾಡಿದರು.