ತಂದೂರಿಗೆ ಸ್ನಾನ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಚೆನ್ನೈನ ಅಂಬತ್ತೂರಿನಲ್ಲಿ ನಾನು ನಡೆಸುವ ಹೋಟೆಲಿನಲ್ಲಿ ಇದು ಎಲ್ಲರಿಗೂ ಗೊತ್ತು. ಸಿಟ್ಟು ನೆತ್ತಿಗೇರಿದರೆ ತಮಿಳು ಮರೆತುಹೋಗಿ, ಮನೆಮಾತು ಕನ್ನಡದಲ್ಲೇ ಬೈಗುಳ ಹೊರಡುತ್ತದೆ. ಅಡುಗೆಮನೆಯವರಿಗೆ ಅರ್ಥವಾಗದಿದ್ದರೂ ಪಕ್ಕಕ್ಕೆ ಸರಿಯುತ್ತಾರೆ.

ನಮ್ಮ ಹೋಟೆಲಿಗೆ ಹೆಸರು ತಂದದ್ದು ದೊಡ್ಡ ನಾನ್. ಎಂಟು ಜನರ ಟೇಬಲ್ಲಿಗೆ ಒಂದೇ. ಅದಕ್ಕೆಂದೇ ಅಗಲ ಬಾಯಿಯ ತಂದೂರು ಮಾಡಿಸಿದ್ದೆ. ತಂದೂರಿನ ಮಾಸ್ಟರ್ ರಾಯಪುರಂ ಕಡೆಯವನು. ಆರು ನಾನ್‌ಗಳ ಹಿಟ್ಟನ್ನು ಒಂದೇ ಉಂಡೆ ಮಾಡಿ, ಹಲಗೆಗೆ ಎತ್ತಿ ಎತ್ತಿ ಬಡಿದು, ಎರಡೂ ತೋಳುಗಳ ಮೇಲೆ ಎಳೆದು ಹಿಗ್ಗಿಸುತ್ತಿದ್ದ. ಬಟ್ಟೆಯ ದಿಂಬಿನ ಮೇಲೆ ಹರಡಿ, ಅದರ ಬೆನ್ನಿಗೆ ನೀರು ಸವರಿ, ಭುಜದವರೆಗೆ ಬೆಂಕಿಯೊಳಗೆ ಬಗ್ಗಿ ಗೋಡೆಗೆ ಒಂದು ಏಟು ಹಾಕುತ್ತಿದ್ದ. ಚಿಕ್ಕ ನಾನ್ ಹೇಗೋ ಅಂಟಿಕೊಳ್ಳುತ್ತದೆ. ದೊಡ್ಡದು ತನ್ನ ಭಾರಕ್ಕೇ ಜಾರುತ್ತದೆ, ಮೊದಲ ಏಟಿಗೇ ಗೋಡೆ ಹಿಡಿಯಬೇಕು. ಅವನ ಬಲಗೈಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ.

ಹೋದ ವರ್ಷ ಆಯುಧಪೂಜೆಯ ದಿನ ಅವನಿಗೆ ರಜ. ಕತ್ತಿ, ಸಟ್ಟುಗ, ಗ್ರೈಂಡರ್ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚಿದೆ. ನಮಗೆ ಅನ್ನ ಹಾಕುವ ತಂದೂರು ಮಾತ್ರ ಮಸಿ ಮೆತ್ತಿಕೊಂಡು ಕೂತಿತ್ತು. ಮನಸ್ಸು ತಡೆಯಲಿಲ್ಲ. ಮೂರು ಕೊಡ ನೀರು ಹುಯ್ದು, ತೆಂಗಿನ ನಾರಿನಿಂದ ಒಳಗೋಡೆಯನ್ನು ಗಸಗಸ ತಿಕ್ಕಿದೆ. ಕೊನೆಗೆ ಬಾಗಿಲಲ್ಲಿ ಕುಂಬಳಕಾಯಿ ಅಪ್ಪಳಿಸಿ ಒಡೆದೆ. ಎಲ್ಲ ಶುದ್ಧವಾಯಿತೆಂದು ಖುಷಿಪಟ್ಟೆ.

ಮರುದಿನ ಮಧ್ಯಾಹ್ನ ಹೋಟೆಲ್ ತುಂಬಿತ್ತು. ಮೊದಲ ದೊಡ್ಡ ನಾನ್ ಕೆಂಡಕ್ಕೆ ಬಿತ್ತು. ಎರಡನೆಯದೂ ಬಿತ್ತು. ಟೇಬಲ್ಲಿನವರು ಕೂಗಾಡತೊಡಗಿದರು.

"ಕೈಗೇನು ಲಕ್ವ ಹೊಡೆದಿದ್ಯಾ ನಿಂಗೆ?" ಎಂದು ಮಾಸ್ಟರ್ ಮೇಲೆ ಕನ್ನಡದಲ್ಲೇ ಅರಚಿದೆ. ಮೂರನೆಯದು ಬಿದ್ದಾಗ ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದೆ.

ಅವನು ನಾಲ್ಕನೆಯ ಉಂಡೆಯನ್ನು ಹಲಗೆಗೆ ಬಡಿದ ರಭಸಕ್ಕೆ ಪಾತ್ರೆಗಳು ಅದುರಿದವು. ಬಗ್ಗಿ ಗೋಡೆಗೆ ಹೊಡೆದ. ನಾನ್ ಜೊತೆಗೆ ಗೋಡೆಯ ದೊಡ್ಡ ಹೆಂಟೆಯೇ ಕಿತ್ತು ಕೆಂಡದ ಮೇಲೆ ಬಿತ್ತು. ಕಿಡಿಯೂ ಜ್ವಾಲೆಯೂ ಒಟ್ಟಿಗೇ ಮೇಲೆ ಚಿಮ್ಮಿದವು. ಅವನು ಕಿರುಚಿ ಕೈ ಎಳೆದುಕೊಂಡಾಗ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದಿತ್ತು. ಸುಟ್ಟ ಮಾಂಸದ ವಾಸನೆ ಮೂಗಿಗೆ ಅಡರಿತು.

ಹಲ್ಲು ಕಚ್ಚಿಕೊಂಡೇ ತಂದೂರಿನೊಳಗೆ ಇಣುಕಿ ನೋಡಿದ. "ಅಕ್ಕಾ, ಒಳಗೆ ನೀರು ಹಾಕಿದ್ರಾ?" ಎಂದು ತಮಿಳಿನಲ್ಲಿ ಕೇಳಿದ. ಮಣ್ಣಿನ ಗೋಡೆ ನೀರು ಕುಡಿದರೆ ನಾನ್ ಅಂಟುವುದಿಲ್ಲ, ಬೆಂಕಿಗೆ ಸಿಡಿಯುತ್ತದೆಂದು ನನಗೆ ಆಗ ಹೊಳೆಯಿತು.

"ಇಲ್ಲ" ಎಂದೆ.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎರಡು ತಿಂಗಳ ನಂತರ ಅವನು ಮರಳಿ ಬಂದು, ಹೊಸ ತಂದೂರಿಗೆ ದಿನಗಟ್ಟಲೆ ಸಣ್ಣ ಉರಿ ಕೊಟ್ಟು ಹದ ಮಾಡಿದ. ಒಂದು ಮಾತೂ ಎತ್ತಲಿಲ್ಲ. ಆ ಸುಟ್ಟ ಕೈ ಕಂಡಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಈ ವರ್ಷ ಆಯುಧಪೂಜೆಗೆ ಅವನು ರಜ ಹಾಕಲಿಲ್ಲ. ನಾನು ಕುಂಕುಮದ ಬಟ್ಟಲು ಹಿಡಿದು ಬಂದಾಗ ತಂದೂರಿಗೆ ಅಡ್ಡವಾಗಿ ನಿಂತಿದ್ದ.

ಬಟ್ಟಲನ್ನು ಕೆಳಗಿಟ್ಟೆ. "ಹೋದ ವರ್ಷ ನೀರು ಹಾಕಿದ್ದು ನಾನೇ" ಎಂದೆ.

"ತೆರಿಯುಂ ಅಕ್ಕಾ, ಅವತ್ತೇ ಗೊತ್ತು" ಎಂದ. "ಹೊಡೆದದ್ದು ಎಲ್ಲರೆದುರು ತಾನೇ? ಇದನ್ನೂ ಎಲ್ಲರೆದುರು ಹೇಳಿ."

ಅಡುಗೆಮನೆಯವರನ್ನೆಲ್ಲ ಕರೆದು ನಿಲ್ಲಿಸಿದೆ. ನೀರು ಹಾಕಿದ್ದನ್ನು, ಸುಳ್ಳು ಹೇಳಿದ್ದನ್ನು, ಅವನ ತಪ್ಪೇನೂ ಇರಲಿಲ್ಲ ಎಂಬುದನ್ನು ತಮಿಳಿನಲ್ಲಿ ಒಂದೊಂದಾಗಿ ಹೇಳಿದೆ. ನನಗೇ ಕೇಳಿಸದಷ್ಟು ಸಣ್ಣಗಿತ್ತು ದನಿ.

ಅವನು ಸುಟ್ಟ ಕೈಯನ್ನು ಕಿವಿಯ ಹಿಂದೆ ಹಿಡಿದ.

"ಜೋರಾಗಿ ಹೇಳಿ ಅಕ್ಕಾ" ಎಂದ. "ಅವತ್ತಿನ ಏಟು ಹೊರಗೆ ಕೂತವರಿಗೂ ಕೇಳಿಸಿತ್ತು."