ಭರಮವ್ವನ ಗಟ್ಟಿಮುಟ್ಟಾದ ಮಗ

ಸವಣೂರಿನ ವೀಳ್ಯದೆಲೆ ತೋಟಗಳಲ್ಲಿ ಭರಮವ್ವ ಕಟ್ಟಿದ ಎಲೆ ಬೇಗ ಬಾಡುವುದಿಲ್ಲ ಎಂಬ ಮಾತಿತ್ತು. ಗಂಡ ತೀರಿದ ಮೇಲೆ ಎಲೆ ಕೊಯ್ದು, ಜೋಡಿಸಿ, ಕಟ್ಟು ಕಟ್ಟಿಯೇ ಆಕೆ ಮಗ ಗುದ್ಲೆಪ್ಪನನ್ನು ಸಾಕಿದಳು. ಮಗ ಆಳೆತ್ತರ ಬೆಳೆದು ಅದೇ ತೋಟದಲ್ಲಿ ನೀರು ಹಾಯಿಸುವ ಕೆಲಸಕ್ಕೆ ನಿಂತ. ತಾಯಿಯ ಮೊಳಕಾಲು ಹಿಡಿದು, ಕೂತರೆ ಏಳಲಾಗದಂತಾದಾಗ, "ಇನ್ನ ಸಾಕು, ಮನ್ಯಾಗ ಕುಂತು ಉಣ್ಣಬೇ" ಎಂದ. ಹುಡುಗನಿಗೆ ಇದ್ದ ಐಬು ಒಂದೇ, ಬಾಯಿ. ಯಾರನ್ನು ಕಂಡರೂ ಅಣಕಿಸಬೇಕು, ನಗಿಸಬೇಕು. ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ.

ಆ ಸೀಮೆಯ ಹೋಳಿಯಲ್ಲಿ ಒಂದು ಪದ್ಧತಿ ಉಂಟು. ಬದುಕಿರುವವನೊಬ್ಬನನ್ನು ಚಟ್ಟದ ಮೇಲೆ ಮಲಗಿಸಿ, ಹಲಗೆ ಬಡಿಯುತ್ತ ಊರೆಲ್ಲ ಹೊತ್ತು ತಿರುಗುತ್ತಾರೆ. ಗಂಡಸರೇ ಸೀರೆಯುಟ್ಟು ಬಾಯಿ ಬಾಯಿ ಬಡಿದುಕೊಂಡು ಅಳುತ್ತಾರೆ. ಆ ದಿನ ಗೌಡನನ್ನು ಬೈಯಲಿ, ಸಾಹುಕಾರನನ್ನು ಬೈಯಲಿ, ಯಾರೂ ಸಿಟ್ಟಾಗುವಂತಿಲ್ಲ. ಬೈಸಿಕೊಂಡವರೇ ನಕ್ಕು ಚಹಾಕ್ಕೆ ದುಡ್ಡು ಕೊಟ್ಟು ಕಳಿಸುತ್ತಾರೆ. ಸರಕಾರಕ್ಕೂ ಹೋಳಿ ತಿಳಿಯುತ್ತದೆ ಎಂದು ಗುದ್ಲೆಪ್ಪ ನಂಬಿದ್ದ. ಅವನು ಮಾಡಿದ ತಪ್ಪು ಅಷ್ಟೇ.

ಅದು ಎಪ್ಪತ್ತಾರನೆಯ ಇಸವಿ, ತುರ್ತು ಪರಿಸ್ಥಿತಿಯ ಕಾಲ. ಚಹಾದಂಗಡಿಯಲ್ಲಿ ಪೇಪರು ಓದುವವರು ಕೂಡ ಗಟ್ಟಿಯಾಗಿ ಓದುವುದನ್ನು ಬಿಟ್ಟಿದ್ದರು. ಓಣಿಯ ಮುದುಕನೊಬ್ಬ ಮುದುಕರ ಪಗಾರಕ್ಕೆ, ಅಂದರೆ ಸರಕಾರದ ವೃದ್ಧಾಪ್ಯ ವೇತನಕ್ಕೆ, ಅರ್ಜಿ ಕೊಟ್ಟು, ತಾಲೂಕು ಕಚೇರಿಗೆ ಅಲೆದು ಅಲೆದು ಪ್ರಾಣ ಬಿಟ್ಟಿದ್ದ. ಆ ಹೋಳಿಗೆ ಗುದ್ಲೆಪ್ಪ ಅರಳೆಯ ಗಡ್ಡ ಅಂಟಿಸಿಕೊಂಡು ಆ ಮುದುಕನಾಗಿ ಚಟ್ಟದ ಮೇಲೆ ಮಲಗಿದ. ಗೆಳೆಯರು ಚಟ್ಟವನ್ನು ನೇರವಾಗಿ ಕಚೇರಿಯ ಮುಂದೆ ಇಳಿಸಿ ಎದೆ ಬಡಿದುಕೊಂಡರು.

"ಯಪ್ಪಾ, ನಿನ್ನ ಪಗಾರ ಪಾಸಾತೋ! ಏಳೋ ಯಪ್ಪಾ, ಹೆಬ್ಬಟ್ಟು ಒತ್ತೋ!"

ಹೆಣ ತಲೆಯೆತ್ತಿ ಕೇಳಿತು: "ಎಷ್ಟ್ ಬಂತಲೇ?"

ನೆರೆದ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದ ಸಾಹೇಬರು ಮಾತ್ರ ನಗಲಿಲ್ಲ. ಭರಮವ್ವನೂ ನಗಲಿಲ್ಲ. ಬಣ್ಣ ತೊಳೆದುಕೊಂಡು ಬಂದ ಮಗನ ತಲೆಯ ಸುತ್ತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ಚಟ್ಟದ ಮ್ಯಾಲೆ ಮಲಗೂದು ಆಟ ಅಲ್ಲೋ ಯಪ್ಪಾ" ಎಂದಳು.

ಮರುದಿನ ಪೊಲೀಸರು ಬಂದರು. ಸರಕಾರದ ಮರ್ಯಾದೆ ಕಳೆದರು ಎಂದು ಎಲ್ಲರನ್ನೂ ಒಯ್ದರು. ಸರಕಾರದ ಮರ್ಯಾದೆ ಅರಳೆಯ ಗಡ್ಡ ತಾಕಿದರೆ ಉದುರುವಷ್ಟು ಸಡಿಲವಾಗಿತ್ತು ಎಂದು ಅಲ್ಲಿಯವರೆಗೆ ಊರಿಗೆ ಗೊತ್ತಿರಲಿಲ್ಲ. ಗೆಳೆಯರು ತಪ್ಪಾಯಿತೆಂದು ಬರೆದುಕೊಟ್ಟು ಬಿಡಿಸಿಕೊಂಡರು. ಗುದ್ಲೆಪ್ಪ ಒಪ್ಪಲಿಲ್ಲ. "ಹೋಳಿಯೊಳಗ ತಪ್ಪ ಎಲ್ಲಿಂದ್ರಿ ಸಾಹೇಬ್ರ?" ಎಂದನಂತೆ. ಅವನನ್ನು ದೂರದ ಜೈಲಿಗೆ ಕಳಿಸಿದರು.

ದುಡಿಯುವ ಕೈ ಹೋಯಿತು. ಭರಮವ್ವ ಮತ್ತೆ ತೋಟಕ್ಕೆ ಹೋದಳು, ಆದರೆ ಮೊಳಕಾಲು ಮಾತು ಕೇಳಲಿಲ್ಲ. ಒಲೆ ಹೊತ್ತಿದರೆ ಹೊತ್ತಿತು, ಇಲ್ಲದಿದ್ದರೆ ಪಕ್ಕದ ಮನೆಯ ಖತೀಜಾಬಿ ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಬರಬೇಕು. ಇದನ್ನು ನೋಡಲಾರದೆ ಊರಿನ ಕಂದಾಯದ ಲೆಕ್ಕ ಬರೆಯುವ ತಲಾಠಿ ಶ್ರೀಪಾದರಾಯರು ತಾವೇ ಆಕೆಯ ಹೆಸರಿನಲ್ಲಿ ಪಗಾರದ ಅರ್ಜಿ ಬರೆದರು. ಊರಿನ ಮಠದ ಕಡೆಯ ಮನೆತನದ, ಅಂಜುಬುರುಕ, ಮೆದು ಮನಸ್ಸಿನ ಮನುಷ್ಯ.

ಅರ್ಜಿ ತಿರುಗಿ ಬಂತು. ರಾಯರು ಕಟ್ಟೆಯ ಮೇಲೆ ಕೂತು ಓದಿದರು: 'ಅರ್ಜಿದಾರಳಿಗೆ ದುಡಿಯುವ ವಯಸ್ಸಿನ ಗಟ್ಟಿಮುಟ್ಟಾದ ಮಗನಿದ್ದಾನೆ. ಆದ್ದರಿಂದ ತಿರಸ್ಕರಿಸಿದೆ.'

"ಆ ಮಗನ್ನ ಅವರ ಒಯ್ದಾರಲ್ರಿ, ರಾಯರ?" ಎಂದು ಭರಮವ್ವ ಕೇಳಿದಳು.

ರಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಕಾಯ್ದೆ ಹಂಗ ಅದ, ಭರಮವ್ವ. ನೀ ಒಂದು ಮಾತು ಹೇಳಿಬಿಡು. ನನಗ ಮಗ ಇಲ್ಲ, ಅಂವ ನನ್ನ ಪಾಲಿಗೆ ಸತ್ತಾನ ಅಂತ. ಮುಂದಿಂದು ನಾ ನೋಡಕೋತೇನಿ."

ಭರಮವ್ವ ಅವರ ಕೈಯಿಂದ ಕಾಗದ ತೆಗೆದುಕೊಂಡಳು. "ಒಮ್ಮಿ ಅಂವ ಆಟಕ್ಕ ಚಟ್ಟ ಏರಿದ್ದಕ್ಕ ಇಷ್ಟೆಲ್ಲ ಆತ್ರಿ. ನಾ ಹಡದಾಕಿ, ನನ್ನ ಬಾಯಿಲೆ ಅವನ್ನ ಮತ್ತ ಚಟ್ಟಕ್ಕ ಏರಸ್ಲೇನ್ರಿ? ಉಪಾಸ ಸಾಯ್ತೇನಿ, ಈ ಮಾತು ಬ್ಯಾಡ್ರಿ." ಆ ಕಾಗದವನ್ನು ಮಡಿಚಿ ದೇವರ ಪಟದ ಹಿಂದೆ ಇಟ್ಟಳು.

ಒಮ್ಮೆ ಖತೀಜಾಬಿಯನ್ನು ಜೊತೆಗೆ ಕರೆದುಕೊಂಡು, ಮಗನಿಗೆ ಪ್ರಾಣವಾದ ಸವಣೂರಿನ ಖಾರದ ತಿಂಡಿ ಕಟ್ಟಿಸಿಕೊಂಡು ಜೈಲಿಗೆ ಹೋದಳು. ಖಾರದ ಪೊಟ್ಟಣವನ್ನು ಬಾಗಿಲಲ್ಲೇ ಕಸಿದುಕೊಂಡರು. ಸರಳಿನ ಆಚೆ ನಿಂತ ಗುದ್ಲೆಪ್ಪನ ಕಣ್ಣುಗಳು ಅರಿಶಿನದ ಹಾಗೆ ಹಳದಿಯಾಗಿದ್ದವು. ಅರ್ಜಿಯ ಕಥೆ ಕೇಳಿ ಅವನು ನಕ್ಕ.

"ಸತ್ತಾನಂತ ಹೇಳಿಬಿಡಬೇ. ನನಗೇನ್ ಸಾಯೂದು ಹೊಸಾದೇನ?"

ಆಕೆ ಸರಳಿನೊಳಗೆ ಕೈ ತೂರಿಸಿ ಅವನ ಬಾಯಿ ಮುಚ್ಚಿದಳು. ಮೈ ಕೆಂಡದಂತೆ ಸುಡುತ್ತಿತ್ತು. ಔಷಧಿ ಕೊಡಿಸಿರೆಂದು ಅಲ್ಲಿದ್ದವರ ಕಾಲಿಗೆ ಬಿದ್ದಳು. ನೋಡೋಣ ಎಂದರು. ಅವರು ಏನು ನೋಡಿದರೋ ದೇವರೇ ಬಲ್ಲ.

ಮಳೆಗಾಲ ಮುಗಿಯುವ ಮೊದಲೇ ಪೊಲೀಸರ ಗಾಡಿಯಲ್ಲಿ ಗುದ್ಲೆಪ್ಪ ಊರಿಗೆ ಬಂದ. ಕಾಮಾಲೆಯಾಗಿತ್ತು ಎಂದು ಹೇಳಿ ಹೆಣ ಇಳಿಸಿದರು. ಹಲಗೆ ಬಾರಿಸಬಾರದು, ಮೆರವಣಿಗೆ ಮಾಡಬಾರದು, ಬೇಗ ಮುಗಿಸಬೇಕು ಎಂದು ಹುಕುಂ ಮಾಡಿದರು. ಆಟದ ಹೆಣಕ್ಕೆ ಎದೆ ಬಡಿದುಕೊಂಡು ಅತ್ತಿದ್ದ ಗೆಳೆಯರು ಈಗ ಚಟ್ಟ ಹೊತ್ತು ತಲೆ ತಗ್ಗಿಸಿ ನಡೆದರು. ಅವರನ್ನು ಬೈದು ಪ್ರಯೋಜನವಿಲ್ಲ, ಅವರವರ ಮನೆಯಲ್ಲೂ ತಾಯಂದಿರು ಇದ್ದರು. ದನಿ ತೆಗೆದು ಅತ್ತವಳು ಖತೀಜಾಬಿ ಒಬ್ಬಳೇ.

ಭರಮವ್ವ ಅಳಲಿಲ್ಲ. ಮಗನ ಮುಖವನ್ನೇ ನೋಡುತ್ತ ಕೂತಿದ್ದಳು. ಈಗ ತಲೆಯೆತ್ತುತ್ತಾನೆ, ಈಗ ಏನೋ ಕೇಳುತ್ತಾನೆ ಎಂದು ಆಕೆಯ ಜೀವ ಕಾಯುತ್ತಿತ್ತು. ಮಣ್ಣು ಹಾಕುವಾಗ ಮಾತ್ರ, "ತಡೀರಿ, ತಡೀರಿ, ಇನ್ನೊಂದ್ ಸ್ವಲ್ಪ ನೋಡೋಣ" ಎಂದಳು.

ಕೆಲವು ತಿಂಗಳ ಮೇಲೆ ಶ್ರೀಪಾದರಾಯರು ಬಂದರು. ಕಟ್ಟೆಯ ಮೇಲೆ ಕೂತರು. "ಪಗಾರ ಪಾಸಾತು, ಭರಮವ್ವ" ಎಂದರು. ಹೇಳಿದ ಮೇಲೆ ಕಚೇರಿಯ ಮುಂದಿನ ಹೋಳಿ ನೆನಪಾಗಿ ಅವರ ಮುಖ ಕಪ್ಪಿಟ್ಟಿತು. ಮಸಿಯ ಡಬ್ಬಿ ತೆರೆದು ಮುಂದಿಟ್ಟರು.

ಭರಮವ್ವ ಎದ್ದು ಪಟದ ಹಿಂದಿನ ಕಾಗದ ತಂದಳು. "ಮತ್ತ ಇದೇನಾತ್ರಿ?"

"ಅದು ರದ್ದಾತು. ಈಗ ಮಗ ಇಲ್ಲಂತ..." ರಾಯರು ಮಸಿಯ ಡಬ್ಬಿಯನ್ನು ಆಕೆಯ ಕಡೆ ಸರಿಸಿದರು.

"ರದ್ದು ಮಾಡಬ್ಯಾಡ್ರಿ, ನಿಮ್ಮ ಕಾಲ್ ಬೀಳ್ತೇನಿ. ಇದರಾಗ ನನಗ ಗಟ್ಟಿಮುಟ್ಟ ಮಗ ಅದಾನಂತ ಬರದೈತಿ. ಸರಕಾರನ ಬರದೈತಿ. ಹಂಗ ಇರಲ್ರಿ." ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿ ಹಿಡಿದುಕೊಂಡಳು. ರಾಯರು ಆ ಮುಷ್ಟಿ ಬಿಡಿಸಲು ಹೋಗಲಿಲ್ಲ. ಡಬ್ಬಿ ಮುಚ್ಚಿ, ಕಣ್ಣೊರೆಸಿಕೊಂಡು ಹೋದರು.

ಆಮೇಲೂ ಆಕೆ ಹಲವು ವರ್ಷ ಬದುಕಿದಳು. ತೋಟದವರು ಎಲೆಯನ್ನು ಮನೆಗೇ ತಂದು ಸುರಿಯುತ್ತಿದ್ದರು, ಕೂತಲ್ಲೇ ಕಟ್ಟಿ ಕೊಡುತ್ತಿದ್ದಳು. ಆ ಸರಕಾರ ಹೋಯಿತು, ಮತ್ತೊಂದು ಬಂತು, ಹೋಳಿಯ ಚಟ್ಟಗಳು ಮತ್ತೆ ಓಣಿಗೆ ಇಳಿದವು. ಗುದ್ಲೆಪ್ಪನ ಕಾಲದಲ್ಲಿ ತೊಟ್ಟಿಲಲ್ಲಿದ್ದ ಹುಡುಗರು ಈಗ ಹೆಣವಾಗಿ ಮಲಗುತ್ತಿದ್ದರು. ಭರಮವ್ವನ ಮನೆ ಬಂದಾಗ ಹಲಗೆ ತಾನಾಗಿ ನಿಲ್ಲುತ್ತಿತ್ತು. ಆಕೆ ಗೋಡೆ ಹಿಡಿದು ಹೊರಗೆ ಬಂದು, ಚಟ್ಟದ ಮೇಲಿದ್ದವನ ಕೆನ್ನೆ ಸವರಿ ಹೇಳುತ್ತಿದ್ದಳು:

"ಸಾಕು, ಏಳೋ ಯಪ್ಪಾ."

ಹುಡುಗ ಥಟ್ಟನೆ ಎದ್ದು ಕೂರುತ್ತಿದ್ದ. ಆಕೆ ಅವನ ಮುಖವನ್ನು ಒಮ್ಮೆ ಸರಿಯಾಗಿ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.