ಕಳಾ ಬಂದೈತಿ

ಶುಭದಾ ಸೇಡಿಗಾಗಿ ಸೂಲಗಿತ್ತಿಯಾದವಳು. ಹೀಗೆಂದರೆ ನಮ್ಮ ಡಾಕ್ಟರಿಗೆ ಸಿಟ್ಟು ಬರುತ್ತದೆ. ಬರಲಿ. ಶಿವಬಸವ ನಗರದ ಈ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಚೀಟಿ ಬರೆಯುತ್ತ ಕೂತವಳು ನಾನು, ರತ್ನಮಾಲಾ. ಯಾರ ಹೊಟ್ಟೆಯಲ್ಲಿ ಏನಿದೆ ಎಂಬುದು ನನಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು.

ಶುಭದಾ ಖಾನಾಪುರದವಳು. ಮನೆಮಾತು ಮರಾಠಿ, ಆಗ ಕನ್ನಡದ ನಾಲ್ಕು ಮಾತು ಬಂದರೆ ಹೆಚ್ಚು. ಹದಿನೆಂಟು ವರ್ಷದ ಹಿಂದೆ ಚೊಚ್ಚಲು ಬಸುರಿ, ದಿನ ತುಂಬಿದ್ದವು. ಅತ್ತೆಯ ಜೊತೆ ಬೆಳಗಾವಿಯ ಒಂದು ನರ್ಸಿಂಗ್ ಹೋಮಿಗೆ ಬಂದು, ಅಲ್ಲಿದ್ದ ಕಾಂತಾ ಎಂಬ ನರ್ಸಿಗೆ, "ಬಾಯಿ, ಕಳಾ ಯೇತಾತ್," ಅಂದಳು. ಮರಾಠಿಯಲ್ಲಿ ಕಳಾ ಅಂದರೆ ಹೆರಿಗೆ ಬೇನೆ, ಯೇತಾತ್ ಅಂದರೆ ಬರುತ್ತಿವೆ. ನಮ್ಮ ಕಡೆಯ ಕನ್ನಡದಲ್ಲಿ ಮುಖದ ಕಾಂತಿ. ವಿಜಯಪುರದ ಕಡೆಯಿಂದ ಬಂದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಂತಾ ನಕ್ಕುಬಿಟ್ಟಳು.

"ಹೌದವಾ, ಮಾರಿಗೆ ಭಾಳ ಛಲೋ ಕಳಾ ಬಂದೈತಿ. ಇನ್ನೂ ಟೈಮ್ ಐತಿ, ಮನಿಗೆ ಹೋಗು."

ಹೊಟ್ಟೆ ಮುಟ್ಟಿಯೂ ನೋಡಲಿಲ್ಲ. ನಕ್ಕ ಆ ಬಾಯಿಗೆ ಹುಳ ಬೀಳಲಿ.

ಖಾನಾಪುರದ ಬಸ್ಸು ಉದ್ಯಮಬಾಗ ದಾಟುವಷ್ಟರಲ್ಲಿ ನೀರು ಒಡೆಯಿತು. ಫೌಂಡ್ರಿ ಕೆಲಸ ಮುಗಿಸಿ ಹೊರಟಿದ್ದ ಗಂಡಸರು ಕೆಳಗಿಳಿದು ಬಸ್ಸಿಗೆ ಬೆನ್ನು ಮಾಡಿ ನಿಂತರು, ಹೆಂಗಸರು ಸೀರೆ ಅಡ್ಡ ಹಿಡಿದರು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಅದನ್ನು ಬಿಡಿಸಲು ತಿಳಿದವರು ಆ ಬಸ್ಸಿನಲ್ಲಿ ಒಬ್ಬರೂ ಇರಲಿಲ್ಲ. ಕೂಸು ಅಳಲಿಲ್ಲ.

ಶುಭದಾ ಆಮೇಲೆ ಹಟ ಹಿಡಿದು ಕನ್ನಡ ಕಲಿತಳು, ನರ್ಸಿಂಗ್ ಓದಿದಳು, ಹೆರಿಗೆ ಮಾಡಿಸುವುದರಲ್ಲಿ ಕೈ ಪಳಗಿಸಿಕೊಂಡಳು. ಯಾವ ಬಸುರಿ ಮೊದಲ ಸಲ ಬಂದರೂ ಬಿಪಿ ನೋಡುವ ಮುಂಚೆ ಕೇಳುತ್ತಾಳೆ: "ನಿಮ್ಮ ಮನ್ಯಾಗ ಬ್ಯಾನಿಗೆ ಏನಂತೀರಿ?" ಅವರು ಹೇಳಿದ ಮಾತನ್ನೇ ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಯುತ್ತಾಳೆ. ಚಹಾದ ಹೊತ್ತಿಗೆ ಮಾತ್ರ ನನ್ನ ಹತ್ತಿರ, "ಆ ಕಾಂತಾ ಒಂದಿನ ಕೈ ಮುಗಕೊಂಡು ನನ್ನ ಬಾಗಲಾಗ ನಿಂದರಬೇಕು ರತ್ನಕ್ಕಾ, ಅಷ್ಟ ಸಾಕು," ಅನ್ನುತ್ತಿದ್ದಳು. ನಾನೂ ದಿನಾ ಬಸದಿಯಲ್ಲಿ ಅದನ್ನೇ ಬೇಡಿದೆ. ಜೈನರ ಮನೆಯವಳು ಅಲ್ಲಿ ನಿಂತು ಬೇಡುವಂಥದ್ದಲ್ಲ, ಆದರೂ ಬೇಡಿದೆ.

ಹೋದ ವರ್ಷ ಕಾಂತಾ ಬಂದೇಬಿಟ್ಟಳು. ಅವಳ ಸೊಸೆ ಮುಗ್ಧಾ ಏಳು ತಿಂಗಳ ಬಸುರಿ. ನನ್ನ ಸೂಲಗಿತ್ತಿಯನ್ನು ನಾನೇ ಆರಿಸಿಕೊಳ್ಳುತ್ತೇನೆ ಎಂದು ಮೂರು ಕಡೆ ನೋಡಿ, ನಾಲ್ಕನೆಯದಾಗಿ ನಮ್ಮಲ್ಲಿಗೆ ಬಂದಿದ್ದಳು. ಹಿಂದೆಯೇ ಅತ್ತೆ ಕಾಂತಾ, ಈಗ ಕೆಲಸ ಬಿಟ್ಟು ಮನೆಯಲ್ಲಿರುವವಳು. ಶುಭದಾಗೆ ಕಂಡ ಕೂಡಲೇ ಗುರುತು ಹತ್ತಿತು. ಕಾಂತಾಗೆ ಹತ್ತಲಿಲ್ಲ.

ಎಂದಿನ ಪ್ರಶ್ನೆಗೆ ಮರಾಠಿ ಮನೆಯ ಮುಗ್ಧಾ "ಕಳಾ" ಅಂದಳು. ಕಾಂತಾ ಕಿಸಕ್ಕನೆ ನಕ್ಕಳು.

"ಈ ಕಳಾದ್ದೊಂದು ಮಜಾ ಐತ್ರಿ ಸಿಸ್ಟರ್. ನಾ ಹೊಸದಾಗಿ ಬಂದಾಗ ಖಾನಾಪುರದಾಕಿ ಒಬ್ಬಾಕಿ ಕಳಾ ಯೇತಾತ್ ಅಂದ್ಲು. ನಾ ಮಾರಿ ಕಳಾ ಅಂತ ತಿಳದು ಮನಿಗೆ ಕಳಿಸಿಬಿಟ್ಟೆ!"

ಹದಿನೇಳು ವರ್ಷ ಇದನ್ನೊಂದು ನಗೆಮಾತು ಮಾಡಿಕೊಂಡು ತಿರುಗಿದ್ದಾಳೆ! ನನ್ನ ಮೈಯೆಲ್ಲ ಉರಿಯಿತು.

"ಮುಂದ ಆಕೀದು ಏನಾತ್ರಿ ಅತ್ತಿ?" ಮುಗ್ಧಾ ಕೇಳಿದಳು.

"ಯಾರಿಗ್ಗೊತ್ತವಾ. ಊರಿಗೆ ಹೋದ್ಲು."

ಶುಭದಾ ಪೆನ್ನು ಕೆಳಗಿಟ್ಟಳು. "ಊರು ಮುಟ್ಟಲಿಲ್ರಿ. ಬಸ್ಸಿನ್ಯಾಗ ಹಡದೆ. ಕೂಸು ಉಳೀಲಿಲ್ಲ."

ಕಾಂತಾಳ ನಗು ಬಾಯಲ್ಲೇ ನಿಂತಿತು. ಶುಭದಾ ಅವಳತ್ತ ತಿರುಗಲೂ ಇಲ್ಲ, ಸೊಸೆಗೆ ಹೇಳಿದಳು: "ನಿಮ್ಮ ಹೆರಿಗಿ ನಾ ಮಾಡಸ್ತೀನಿ, ಕಣ್ಣಾಗ ಎಣ್ಣಿ ಹಾಕ್ಕೊಂಡು ನೋಡ್ಕೋತೀನಿ. ಇವರು ಮಾತ್ರ ಈ ಬಾಗಲಾ ದಾಟಂಗಿಲ್ಲ. ವಿಚಾರ ಮಾಡಿ ಹೇಳ್ರಿ."

ಮುಗ್ಧಾ ಅತ್ತೆಯತ್ತ ತಿರುಗಿದಳು. "ನಾ ಇವರ ಕಡೇನ ಹಡಿತೀನ್ರಿ ಅತ್ತಿ. ನೀವು ಹೊರಗಿರ್ರಿ." ನನಗೆ ಹಬ್ಬದ ಊಟ ಉಂಡಷ್ಟು ಖುಷಿಯಾಯಿತು, ಮುಚ್ಚಿಡುವುದಿಲ್ಲ.

ಹೆರಿಗೆಯ ದಿನ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಕಾಂತಾ ಹೊರಗಿನ ಮೆಟ್ಟಿಲ ಮೇಲೆ, ಬಿಸಿಲಲ್ಲಿ. ನಾನು ಒಂದು ಲೋಟ ನೀರೂ ಕೊಡಲಿಲ್ಲ. ಒಳಗೆ ಕೂಸು ಅತ್ತದ್ದು ಕೇಳಿ ಎದ್ದು ಬಂದಳು. ಶುಭದಾ ಬಾಗಿಲನ್ನು ಅರ್ಧ ತೆರೆದಳು.

"ಸುಖ ಅದಾರೇನ್ರಿ ಇಬ್ಬರೂ?" ಕಾಂತಾ ಕೈ ಮುಗಿದಳು.

"ಸುಖ ಅದಾರ."

"ಗಂಡೋ ಹೆಣ್ಣೋ?"

"ಮೊದಲ ನಂದು ಕೇಳ್ರಿ."

ಕಾಂತಾಗೆ ತಿಳಿಯಲಿಲ್ಲ. ತಿಳಿದ ಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಿಮ್ದು... ಏನಿತ್ರಿ?"

"ಹೆಣ್ಣು," ಅಂದು ಶುಭದಾ ಬಾಗಿಲು ಹಾಕಿದಳು.

ಇಷ್ಟು ವರ್ಷ ಅವಳ ಪಕ್ಕದಲ್ಲೇ ಕೂತ ನಾನೂ ಒಂದು ದಿನವೂ ಅದನ್ನು ಕೇಳಿದವಳಲ್ಲ.